ಬೆಂಗಳೂರಿನ ಹೆಸರು ಹೊತ್ತ ಆಯುಧ

ದೂರದಿಂದ ನೋಡಿದಾಗ ಮಾತ್ರ ರಮ್ಯವಾಗಿ ತೋರುವ ವಸ್ತುಗಳ ಸಾಲಿನಲ್ಲಿ ಯುದ್ಧದ ವಾರ್ತೆಯನ್ನೂ ಸೇರಿಸಿದ ಸುಭಾಷಿತವೊಂದು ಸಂಸ್ಕೃತದಲ್ಲಿ ಉಂಟು. ಅದನ್ನು ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು. ಆದರೆ ಅದರ ಅರ್ಥವು ನನಗೆ ಸರಿಯಾಗಿ ಮನದಟ್ಟಾದದ್ದು ನಿವೃತ್ತನಾದ ಮೇಲೆ, ಕಳೆದ ಬೇಸಗೆಯಲ್ಲಿ, ನಮ್ಮ ಮನೆಯ ನಡುಮನೆಯಲ್ಲಿ, ಒಂದು ಚಲಚ್ಚಿತ್ರವನ್ನು ನೋಡುತ್ತಿದ್ದಾಗ. ಆ ಸಂಗತಿಯನ್ನು ವಾಚಕರ ಮುಂದೆ ಅರಿಕೆಮಾಡಿಕೊಳ್ಳುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ರಜೆಗೆಂದು ನನ್ನ ಮಗಳ ಮಗನು ಸಿಂಗಟಗೆರೆಗೆ ಬಂದಿದ್ದನು. ಹನ್ನೊಂದು ವರ್ಷದ ಹುಡುಗ. ನಮ್ಮದು ಕಡೂರು ಸೀಮೆಯ ಬಯಲು. ಹಗಲಿನ ಬಿಸಿಲಿನಲ್ಲಿ ಹೊರಗೆ ಆಡುವಂತಿಲ್ಲ. ಆದಕಾರಣ ಮಧ್ಯಾಹ್ನದ ವೇಳೆಯಲ್ಲಿ ಟೆಲಿವಿಷನ್ನಿನ ಮುಂದೆ ಕುಳಿತುಕೊಳ್ಳುವುದು ಅವನ ದಿನಚರಿಯಾಗಿತ್ತು. ಒಂದು ದಿನ ಅವನು ಸ್ಟೀವನ್ ಸ್ಪಿಲ್‌ಬರ್ಗ್ ಎಂಬ ಅಮೆರಿಕದ ನಿರ್ದೇಶಕರು 1998ರಲ್ಲಿ ತಯಾರಿಸಿದ ‘ಸೇವಿಂಗ್ ಪ್ರೈವೇಟ್ ರಯಾನ್’ ಎಂಬ ಪ್ರಸಿದ್ಧ ಯುದ್ಧಚಿತ್ರವನ್ನು ಹಾಕಿದನು. ಅದು ಮಕ್ಕಳು ನೋಡತಕ್ಕ ಚಿತ್ರವಲ್ಲವೆಂಬುದು ನನಗೆ ಆಗ ತಿಳಿಯದು. ಅದೇ ಸಮಯಕ್ಕೆ ನನ್ನ ಹಳೆಯ ಶಿಷ್ಯನೊಬ್ಬನು ತೋಟದ ವಿಚಾರವಾಗಿ ಮಾತನಾಡಲು ಬಂದು ನಮ್ಮೊಡನೆ ಕುಳಿತನು. ಈತನು ಬೆಂಗಳೂರಿನ ಮದರಾಸು ಎಂಜಿನಿಯರ್ ದಳದಲ್ಲಿ ಸಿಪಾಯಿಯಾಗಿ ಸೇವೆಮಾಡಿ, ಪಿಂಚಣಿ ಪಡೆದು, ಈಗ ಊರಿನಲ್ಲಿ ತೆಂಗು ರಾಗಿ ಬೆಳೆದುಕೊಂಡಿರುವವನು. ಅವನಿಗೆ ಎಡಗಿವಿ ಸ್ವಲ್ಪ ಮಂದ. ಆದುದರಿಂದ ಯಾವಾಗಲೂ ಬಲಗಡೆಗೆ ವಾಲಿ ಕೇಳಿಸಿಕೊಳ್ಳುವನು.

ಚಿತ್ರದ ಆರಂಭದಲ್ಲಿಯೇ ಕಡಲ ದಡದ ಘೋರಯುದ್ಧ. ಮರಳಿನ ಮೇಲೆ ಸೈನಿಕರು ಬಿದ್ದಿದ್ದಾರೆ. ಎದುರಿಗೆ ಸುರುಳಿಸುರುಳಿಯಾಗಿ ಹಾಸಿದ ಮುಳ್ಳುತಂತಿ. ಅದರಾಚೆ ದಿಣ್ಣೆಯ ಮೇಲಿನಿಂದ ಶತ್ರುವಿನ ಮೆಷೀನ್‌ಗನ್ನುಗಳು ಗುಂಡಿನ ಮಳೆಗರೆಯುತ್ತಿವೆ. ಆಗ ದಳಪತಿಯು ಗಂಟಲು ಹರಿಯುವಂತೆ ಒಂದು ಮಾತನ್ನು ಕೂಗುತ್ತಾನೆ. ಆ ಕೂಗು ಒಬ್ಬನಿಂದ ಒಬ್ಬನಿಗೆ ಸಾಗುತ್ತದೆ. ನನ್ನ ಮೊಮ್ಮಗನು ಥಟ್ಟನೆ ಎದ್ದುನಿಂತು, “ತಾತಾ, ಅವರು ಬೆಂಗಳೂರು ಅಂದರು! ನಿಜವಾಗಿಯೂ ಬೆಂಗಳೂರು ಅಂದರು!” ಎಂದನು. ನಾನು ನಂಬಲಿಲ್ಲ. ಫ್ರಾನ್ಸಿನ ಕಡಲತೀರದಲ್ಲಿ ಅಮೆರಿಕದ ಸೈನಿಕನು ಪ್ರಾಣಸಂಕಟದಲ್ಲಿ ನಮ್ಮ ಕೆಂಪೇಗೌಡರ ಊರನ್ನೇಕೆ ಕರೆಯಬೇಕು? ಶಿಷ್ಯನ ಕಡೆಗೆ ನೋಡಿದೆನು. ಅವನು ನಗಲಿಲ್ಲ. “ಹುಡುಗ ಸರಿಯಾಗಿ ಕೇಳಿದಾನೆ ಮೇಷ್ಟ್ರೇ. ಅದು ನಮ್ಮದೇ ಸಾಮಾನು,” ಎಂದಷ್ಟೇ ಹೇಳಿದನು.

ಆ ‘ಸಾಮಾನಿನ’ ವೃತ್ತಾಂತವನ್ನು ಅಂದು ಸಂಜೆ ಅವನ ಬಾಯಿಂದಲೂ, ತರುವಾಯ ಪುಸ್ತಕಗಳಿಂದಲೂ ತಿಳಿದುಕೊಂಡೆನು. ಅದರ ಹೆಸರು ‘ಬೆಂಗಳೂರು ಟಾರ್ಪೆಡೊ’. 1912ನೆಯ ಇಸವಿಯಲ್ಲಿ, ಬೆಂಗಳೂರಿನಲ್ಲಿ ನೆಲಸಿದ್ದ ಮದರಾಸು ಸ್ಯಾಪರ್ಸ್ ಮತ್ತು ಮೈನರ್ಸ್ ಎಂಬ ದಳದಲ್ಲಿದ್ದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಎಂಬ ಆಂಗ್ಲ ಅಧಿಕಾರಿಯು ಇದನ್ನು ರಚಿಸಿದನು. ಹುಟ್ಟಿದ ಊರಿನ ಹೆಸರೇ ಆಯುಧಕ್ಕೆ ನಿಂತಿತು. ರಚಿಸಿದವನ ಹೆಸರನ್ನು ಲೋಕವು ಬಹುಮಟ್ಟಿಗೆ ಮರೆಯಿತು. ಊರಿನ ಹೆಸರು ಮಾತ್ರ ಎರಡು ಮಹಾಯುದ್ಧಗಳಲ್ಲಿ ಕಂಡಕಂಡ ಭಾಷೆಯ ಸೈನಿಕರ ನಾಲಗೆಯ ಮೇಲೆ ನಲಿದಾಡಿತು.

ಟಾರ್ಪೆಡೊ ಎಂದೊಡನೆ ನಮಗೆ ನೀರಿನೊಳಗೆ ಓಡಿ ಹಡಗನ್ನು ಒಡೆಯುವ ಅಸ್ತ್ರದ ನೆನಪಾಗುತ್ತದೆ. ಆದರೆ ಆ ಶಬ್ದಕ್ಕೆ ಮೂಲದಲ್ಲಿ ಹಡಗಿನ ಸಂಬಂಧವಿಲ್ಲ. ಮರಗಟ್ಟುವುದೆಂಬ ಅರ್ಥವುಳ್ಳ ಲ್ಯಾಟಿನ್ ಧಾತುವಿನಿಂದ ಅದು ಹುಟ್ಟಿತು. ಮುಟ್ಟಿದವರ ಕೈಯನ್ನು ಮರಗಟ್ಟಿಸುವ ಒಂದು ವಿದ್ಯುನ್ಮೀನಿಗೆ ಆ ಹೆಸರಿತ್ತು; ಆಮೇಲೆ ಅಡಗಿಸಿಟ್ಟು ಸಿಡಿಸುವ ಸ್ಫೋಟಕಗಳಿಗೆಲ್ಲ ಅದೇ ಹೆಸರು ಬಂದಿತು. ಬೆಂಗಳೂರಿನ ಟಾರ್ಪೆಡೊ ಈಜುವುದೂ ಇಲ್ಲ, ಹಾರುವುದೂ ಇಲ್ಲ. ಅದನ್ನು ನೆಲದ ಮೇಲೆ ಕೈಯಿಂದ ತಳ್ಳಬೇಕು.

ಇದು ಹೇಗೆಂಬುದನ್ನು ಹುಡುಗನಿಗೆ ತಿಳಿಸುವುದಕ್ಕೆ ಶಿಷ್ಯನು ಒಳ್ಳೆಯ ಉಪಾಯ ಮಾಡಿದನು. “ನಿಮ್ಮ ತಾತನ ತೋಟದಲ್ಲಿ ಬೋರ್‌ವೆಲ್ಲಿಗೆ ಪೈಪು ಇಳಿಸೋದು ನೋಡಿದೀಯಲ್ಲಪ್ಪ? ಒಂದು ಪೈಪು ಇಳಿಸ್ತಾರೆ, ಸಾಕೆಟ್ಟು ಹಾಕಿ ಅದರ ತಲೆಗೆ ಇನ್ನೊಂದು ಜೋಡಿಸ್ತಾರೆ, ಇಳಿಸ್ತಾರೆ, ಮತ್ತೊಂದು ಜೋಡಿಸ್ತಾರೆ. ಇದೂ ಅಷ್ಟೇ. ಅದು ಭೂಮಿಯೊಳಕ್ಕೆ ಹೋಗುತ್ತೆ, ಇದು ಮುಳ್ಳುತಂತಿಯ ಕೆಳಗೆ ಅಡ್ಡಕ್ಕೆ ಹೋಗುತ್ತೆ,” ಎಂದನು. ಮೂರು ನಾಲ್ಕು ವರ್ಷಕ್ಕೊಮ್ಮೆ ನೀರು ಬತ್ತಿ ಹೊಸ ಬಾವಿ ಕೊರೆಸಬೇಕಾದ ನಮ್ಮ ಸೀಮೆಯ ಮಕ್ಕಳಿಗೆ ಇದಕ್ಕಿಂತ ಸುಲಭವಾದ ದೃಷ್ಟಾಂತವು ಬೇಕಾಗಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯವು ಬಳಸಿದ ನಮೂನೆಯಲ್ಲಿ ಒಂದೊಂದು ಉಕ್ಕಿನ ನಳಿಕೆಯೂ 5 ಅಡಿ ಉದ್ದ, 2 ಅಂಗುಲಕ್ಕಿಂತ ತುಸು ಹೆಚ್ಚು ದಪ್ಪ, ಒಳಗೆ ತುಂಬಿದ ಸ್ಫೋಟಕವೂ ಸೇರಿ ಸುಮಾರು 13 ಪೌಂಡು ತೂಕವಿರುತ್ತಿತ್ತು. ಒಂದು ಪೆಟ್ಟಿಗೆಗೆ ಇಂತಹ ಹತ್ತು ನಳಿಕೆಗಳು; ಎಲ್ಲವನ್ನೂ ಜೋಡಿಸಿದರೆ 50 ಅಡಿಯ ದಂಡ. ಎಲ್ಲಕ್ಕಿಂತ ಮುಂದಿನ ನಳಿಕೆಯ ಮೂತಿಗೆ ನುಣುಪಾದ ಗುಂಡನೆಯ ಮುಚ್ಚಳವಿರುವುದು. ಅದು ಇಲ್ಲದಿದ್ದರೆ ನಳಿಕೆಯು ಮಣ್ಣಿಗೋ ತಂತಿಗೋ ಸಿಕ್ಕಿಕೊಂಡು ಮುಂದೆ ಸಾಗದು. ಸೈನಿಕನು ನೆಲಕ್ಕೆ ಎದೆಯಾನಿಸಿ ಮಲಗಿ ಮೊದಲನೆಯ ನಳಿಕೆಯನ್ನು ತಂತಿಯ ಕೆಳಗೆ ತಳ್ಳುವನು. ಹಿಂಬದಿಗೆ ಎರಡನೆಯದನ್ನು ಜೋಡಿಸಿ ಮತ್ತೆ ತಳ್ಳುವನು. ತಂತಿಯ ಆಚೆಯ ಅಂಚನ್ನು ಮುಟ್ಟಿತೆಂದು ತೋರಿದಾಗ ಎಲ್ಲರೂ ಹಿಂದೆ ಸರಿಯುವರು, ಕಿಡಿ ಹಚ್ಚುವರು. ಒಂದೇ ಕ್ಷಣದಲ್ಲಿ ಉದ್ದಕ್ಕೂ ಸಿಡಿದು, ಉಕ್ಕಿನ ಚೂರುಗಳು ತಂತಿಯನ್ನು ಕತ್ತರಿಸಿಹಾಕುವುವು. ಅಕ್ಕಪಕ್ಕದಲ್ಲಿ ಹೂಳಿಟ್ಟ ಸಿಡಿಗುಂಡುಗಳೂ ಆ ಒತ್ತಡಕ್ಕೆ ಸಿಡಿದುಹೋಗುವುವು. ಹೊಗೆ ಆರುವಷ್ಟರಲ್ಲಿ ಕೆಲವು ಅಡಿಗಳ ಅಗಲದ ಒಂದು ದಾರಿ ತೆರೆದುಕೊಂಡಿರುವುದು. ಅದೇ ಇದರ ಸಮಸ್ತ ಪ್ರಯೋಜನ. ಕತ್ತಿಯಂತೆ ಕಡಿಯುವುದು, ಬಾಣದಂತೆ ಇರಿಯುವುದು ಇದರ ಧರ್ಮವಲ್ಲ. ದಾರಿ ಬಿಡಿಸುವುದೇ ಇದರ ಧರ್ಮ.

ಧನುರ್ವೇದವನ್ನು ಕುರಿತ ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಆಯುಧಗಳನ್ನು ಮುಕ್ತ, ಅಮುಕ್ತ, ಮುಕ್ತಾಮುಕ್ತ, ಯಂತ್ರಮುಕ್ತ ಎಂದು ವಿಂಗಡಿಸುವ ಪದ್ಧತಿಯುಂಟು. ಕೈಬಿಟ್ಟು ಎಸೆಯುವ ಚಕ್ರಾದಿಗಳು ಮುಕ್ತ; ಹಿಡಿದೇ ಹೊಡೆಯುವ ಖಡ್ಗಾದಿಗಳು ಅಮುಕ್ತ; ಎರಡೂ ಬಗೆಯಾಗಿ ಬಳಸಬಹುದಾದದ್ದು ಮುಕ್ತಾಮುಕ್ತ; ಯಂತ್ರದಿಂದ ಹೊರಡುವುದು ಯಂತ್ರಮುಕ್ತ. ಬೆಂಗಳೂರಿನ ಈ ನಳಿಕೆಯನ್ನು ಯಾವ ಗುಂಪಿಗೆ ಸೇರಿಸಬೇಕೆಂದು ನಾನು ಒಂದು ರಾತ್ರಿಯೆಲ್ಲ ಯೋಚಿಸಿದೆನು. ಯಾವುದಕ್ಕೂ ಅದು ಚೆನ್ನಾಗಿ ಹೊಂದಲಿಲ್ಲ. ಆದರೆ ಇದು ಭೇದಿಸತಕ್ಕ ವಿಘ್ನವು ಮಾತ್ರ ನಮ್ಮ ಶಾಸ್ತ್ರಕಾರರಿಗೆ ಚೆನ್ನಾಗಿ ಗೊತ್ತಿತ್ತು. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಪಂಡಿತರಾದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಲೋಕಕ್ಕೆ ಮರಳಿ ದೊರಕಿಸಿಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೋಟೆಯ ಹೊರಗಿನ ದಾರಿಯಲ್ಲಿ ಶತ್ರುವನ್ನು ತಡೆಯುವುದಕ್ಕಾಗಿ ಹೂಡತಕ್ಕ ಅಡ್ಡಿಗಳ ಪಟ್ಟಿಯೊಂದಿದೆ. ಮಂಡಿ ಮುರಿಯುವ ಯಂತ್ರಗಳು, ಶೂಲಗಳ ಸಾಲು, ಮುಚ್ಚಿಟ್ಟ ಗುಂಡಿಗಳು, ಮುಳ್ಳಿನ ಹಾಸು ಮೊದಲಾದುವುಗಳ ನಡುವೆ ‘ಶ್ವದಂಷ್ಟ್ರ’ವೆಂಬ ಮಾತೂ ಬರುತ್ತದೆ. ನಾಯಿಯ ಕೋರೆಹಲ್ಲೆಂಬುದು ಅದರ ಅಕ್ಷರಾರ್ಥ. ಅದೇ ಹೆಸರಿನ ಗಿಡವು ನಮ್ಮ ಹೊಲದ ಬದುಗಳಲ್ಲಿ ಬೇಕಾದಷ್ಟಿದೆ. ಬರಿಗಾಲಿನಲ್ಲಿ ನಡೆದವರೆಲ್ಲ ಅದನ್ನು ಬಲ್ಲರು. ಅದೇ ನಮ್ಮ ನೆಗ್ಗಿಲುಮುಳ್ಳು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಲ್ಲುವ ಆ ಕಾಯಿಯನ್ನು ನೋಡಿಯೇ ಕಬ್ಬಿಣದ ಮುಳ್ಳುಗಳನ್ನು ಮಾಡುವ ಬುದ್ಧಿ ಮನುಷ್ಯನಿಗೆ ಬಂದಿರಬೇಕು.

ಇನ್ನು ಮುಳ್ಳುತಂತಿಯ ಕಥೆ. ಅದು ಯುದ್ಧಕ್ಕಾಗಿ ಹುಟ್ಟಿದ್ದಲ್ಲ, ದನಗಳಿಗಾಗಿ ಹುಟ್ಟಿದ್ದು. ಅಮೆರಿಕದ ಬಯಲು ಸೀಮೆಯಲ್ಲಿ ಬೇಲಿ ಹಾಕಲು ಮರವೂ ಕಲ್ಲೂ ಸಾಲದಿದ್ದುದರಿಂದ, ಇಲಿನಾಯ್ ಪ್ರಾಂತದ ಜೋಸೆಫ್ ಗ್ಲಿಡನ್ ಎಂಬ ರೈತನು ಎರಡು ತಂತಿಗಳನ್ನು ಹೊಸೆದು ನಡುನಡುವೆ ಮುಳ್ಳು ಸಿಕ್ಕಿಸುವ ಉಪಾಯವನ್ನು ಕಂಡುಹಿಡಿದು 1874ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ನಮ್ಮ ಕಡೆ ಹಿಂದೆ ಕತ್ತಾಳೆ, ಕಳ್ಳಿಗಳೇ ಬೇಲಿಯಾಗಿದ್ದುವು. ಈಗ ಕಡೂರಿನಿಂದ ಅಜ್ಜಂಪುರದವರೆಗೆ ಯಾವ ತೋಟ ನೋಡಿದರೂ ಕಲ್ಲುಕಂಬಕ್ಕೆ ಕಟ್ಟಿದ ಮುಳ್ಳುತಂತಿ. ದನವನ್ನು ತಡೆಯುವ ತಂತಿಯು ಜನವನ್ನೂ ತಡೆಯಬಲ್ಲದೆಂಬುದು ಸೇನಾಪತಿಗಳಿಗೆ ಹೊಳೆಯಲು ಬಹುಕಾಲ ಹಿಡಿಯಲಿಲ್ಲ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧದಲ್ಲಿಯೂ, 1904–05ರ ರಷ್ಯಾ–ಜಪಾನ್ ಯುದ್ಧದಲ್ಲಿಯೂ ಅದು ಮೈಲಿಗಟ್ಟಲೆ ಹಬ್ಬಿತು. ಆ ಯುದ್ಧಗಳ ಪಾಠದಿಂದಲೇ ಮೆಕ್‌ಕ್ಲಿಂಟಾಕನು ಬೆಂಗಳೂರಿನಲ್ಲಿ ತನ್ನ ನಳಿಕೆಯನ್ನು ರಚಿಸಿದ್ದು. ಎರಡೇ ವರ್ಷದೊಳಗೆ, 1914ರಲ್ಲಿ, ಯೂರೋಪಿನ ಮಹಾಯುದ್ಧವು ಆರಂಭವಾಗಿ, ಕಂದಕಗಳ ಮುಂದೆಲ್ಲ ಮುಳ್ಳುತಂತಿಯ ಕಾಡೇ ಬೆಳೆಯಿತು. ಬೆಂಗಳೂರಿನ ನಳಿಕೆಗೆ ಕೆಲಸವೂ ಬೆಳೆಯಿತು.

ಇಲ್ಲಿ ನಮ್ಮ ಸೀಮೆಯವರಿಗೆ ಇನ್ನೊಂದು ನೆನಪು ಬರಬೇಕು. ಬೇಲಿಯ ದನಗಳು ಯುದ್ಧಕ್ಕೆ ತಂತಿಯನ್ನು ಕೊಟ್ಟರೆ, ನಮ್ಮ ದನಗಳು ಯುದ್ಧಕ್ಕೆ ತಮ್ಮ ಹೆಗಲನ್ನೇ ಕೊಟ್ಟುವು. ಅಜ್ಜಂಪುರದ ತಳಿಸಂವರ್ಧನ ಕೇಂದ್ರದಲ್ಲಿ ಈಗಲೂ ಸಾಕುತ್ತಿರುವ ಅಮೃತಮಹಲ್ ತಳಿಯು, ಮೈಸೂರು ಒಡೆಯರ ‘ಬೆಣ್ಣೆ ಚಾವಡಿ’ಯಲ್ಲಿ ಬೆಳೆದು, ಹೈದರಾಲಿಯ ಕಾಲದಲ್ಲಿ ಫಿರಂಗಿಗಳನ್ನು ಎಳೆಯುವುದಕ್ಕೆ ಹೆಸರಾಗಿ, ಟಿಪ್ಪುಸುಲ್ತಾನನಿಂದ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಕುದುರೆ ಸೋತ ಕಡೆ ಈ ಎತ್ತುಗಳು ಸೋಲುತ್ತಿರಲಿಲ್ಲವೆಂದು ಅವುಗಳಿಗೆ ಖ್ಯಾತಿ. ಅದೇ ಹೈದರ್ ಟಿಪ್ಪುಗಳ ಸೈನ್ಯವು ಕಬ್ಬಿಣದ ನಳಿಕೆಯಲ್ಲಿ ಮದ್ದು ತುಂಬಿ ಬಿದಿರಿಗೆ ಕಟ್ಟಿ ಹಾರಿಸುತ್ತಿದ್ದ ಬಾಣಬಿರುಸುಗಳೂ ಲೋಕಪ್ರಸಿದ್ಧವೇ. ನಮಗೆ ದೂರವಲ್ಲದ ಹೊಸನಗರ ತಾಲ್ಲೂಕಿನ ನಗರದಲ್ಲಿ, ಹಾಳುಬಾವಿಯೊಂದರಿಂದ ಅಂತಹ ಸಾವಿರಕ್ಕೂ ಮಿಕ್ಕ ಬಾಣಗಳನ್ನು 2018ರಲ್ಲಿ ಪುರಾತತ್ತ್ವ ಇಲಾಖೆಯವರು ಹೊರತೆಗೆದರು. 1780ನೆಯ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಆಂಗ್ಲರ ಸೈನ್ಯವು ಹೈದರನ ಕಡೆಯವರಿಂದ ಧ್ವಂಸವಾಯಿತು. ಅದೇ ತಿಂಗಳ 30ರಂದು ಆಂಗ್ಲರು ಮದರಾಸಿನಲ್ಲಿ ದಾರಿ ಕಡಿಯುವ, ಕಂದಕ ತೋಡುವ ಎರಡು ತುಕಡಿಗಳನ್ನು ಕಟ್ಟಿದರು. ಮೈಸೂರಿನ ಮೇಲಿನ ಯುದ್ಧದ ಸಂಕಟದಲ್ಲಿ ಹುಟ್ಟಿದ ಆ ತುಕಡಿಗಳೇ ಬೆಳೆದು ಮದರಾಸು ಸ್ಯಾಪರ್ಸ್ ಆಗಿ, ಕಾಲಾಂತರದಲ್ಲಿ ಮೈಸೂರು ಸೀಮೆಯ ಬೆಂಗಳೂರಿನಲ್ಲಿಯೇ, ಹಲಸೂರು ಕೆರೆಯ ದಡದಲ್ಲಿ ನೆಲೆಯೂರಿದುವು. ಕಾಲಪುರುಷನ ವಿನೋದವು ಹೀಗಿರುವುದು.

ಸ್ಯಾಪರ್ ಎಂದರೆ ತೋಡುವವನು. ನಮ್ಮ ಭಾಷೆಯಲ್ಲಿ ಖನಕ. ಮಹಾಭಾರತದ ಆದಿಪರ್ವವನ್ನು ಓದಿದವರಿಗೆ ಒಬ್ಬ ಖನಕನ ನೆನಪಿರಬಹುದು. ಅರಗಿನ ಮನೆಯಲ್ಲಿ ಪಾಂಡವರು ಸಾಯತಕ್ಕವರಾಗಿದ್ದಾಗ, ವಿದುರನು ಕಳುಹಿದ ಒಬ್ಬ ಅಗೆಯುವವನು ಗುಟ್ಟಾಗಿ ಬಂದು ಸುರಂಗವನ್ನು ತೋಡಿಕೊಟ್ಟು ಹೋದನು. ಪಾಂಡವರು ಬದುಕಿದರು, ಭಾರತಯುದ್ಧವು ನಡೆಯಿತು, ಕುದುರೆಗಳಿಗೂ ಶಂಖಗಳಿಗೂ ಸಹ ಹೆಸರುಗಳು ಉಳಿದುವು. ಆ ಖನಕನ ಹೆಸರನ್ನು ಮಾತ್ರ ಕವಿಯು ಹೇಳಲಿಲ್ಲ. ದಾರಿ ಮಾಡಿಕೊಟ್ಟವನ ಹೆಸರು ದಾರಿಯಲ್ಲಿ ನಡೆದವರಿಗೆ ತಿಳಿಯದಿರುವುದು ಅಂದಿನಿಂದಲೂ ಬಂದ ರೂಢಿಯೆಂದು ತೋರುತ್ತದೆ.

ಇನ್ನು ಚಲಚ್ಚಿತ್ರದ ವಿಷಯಕ್ಕೆ ಬರೋಣ. 1944ನೆಯ ಜೂನ್ 6ರಂದು ಅಮೆರಿಕ, ಬ್ರಿಟನ್, ಕೆನಡಾ ಮೊದಲಾದ ಮಿತ್ರರಾಷ್ಟ್ರಗಳ ಸೈನ್ಯವು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿಯಿತು. ಅದರಲ್ಲಿ ಒಮಾಹಾ ಎಂಬ ಗುಪ್ತನಾಮದ ದಡವು ಎಲ್ಲಕ್ಕಿಂತ ಕಠಿನವಾಗಿತ್ತು. ಅಲ್ಲಿ ಒಂದೇ ದಿನದಲ್ಲಿ ಹತರಾದವರೂ ಗಾಯಗೊಂಡವರೂ ಕಾಣೆಯಾದವರೂ ಸೇರಿ 2,000ಕ್ಕೂ ಮೇಲ್ಪಟ್ಟರು. ಈ ಪ್ರಸಂಗವನ್ನು ಮೂರು ಪ್ರಸಿದ್ಧ ಚಿತ್ರಗಳು ತೋರಿಸಿವೆ. ಮೂರರಲ್ಲಿಯೂ ಬೆಂಗಳೂರಿನ ನಳಿಕೆಯುಂಟು. 1962ರಲ್ಲಿ ಬಂದ ‘ದಿ ಲಾಂಗೆಸ್ಟ್ ಡೇ’ ಎಂಬ ಕಪ್ಪುಬಿಳುಪಿನ ದೊಡ್ಡ ಚಿತ್ರ ಮೊದಲನೆಯದು. 1980ರ ‘ದಿ ಬಿಗ್ ರೆಡ್ ಒನ್’ ಎರಡನೆಯದು. ಅದನ್ನು ನಿರ್ದೇಶಿಸಿದ ಸ್ಯಾಮ್ಯುಯೆಲ್ ಫುಲ್ಲರ್ ಎಂಬವರು ತಾವೇ ಪದಾತಿಯಾಗಿ ಆ ದಡದಲ್ಲಿ ಇಳಿದಿದ್ದವರು. ಮೂರನೆಯದು ನಾವು ಅಂದು ನೋಡುತ್ತಿದ್ದ ಚಿತ್ರ. ಅದರ ಕಡಲ ದೃಶ್ಯವನ್ನು ತೆಗೆದದ್ದು ಐರ್ಲೆಂಡಿನ ವೆಕ್ಸ್‌ಫರ್ಡ್ ಪ್ರಾಂತದ ಮರಳಿನ ಮೇಲೆ.

ಮೂರರಲ್ಲಿ ಶಿಷ್ಯನಿಗೆ ಮನಸ್ಸಿಗೆ ಹಿಡಿದದ್ದು ಎರಡನೆಯದು. ಅದರಲ್ಲಿ ನಳಿಕೆಯನ್ನು ತಳ್ಳಲು ಸೈನಿಕರಿಗೆ ಒಂದು, ಎರಡು, ಮೂರು ಎಂದು ಸರದಿಯ ಸಂಖ್ಯೆ ಕೊಡಲಾಗಿರುತ್ತದೆ. ಒಬ್ಬನು ತನ್ನ ತುಂಡನ್ನು ಜೋಡಿಸಲು ತೆವಳಿಹೋಗುವನು. ಗುಂಡಿಗೆ ಸಿಕ್ಕಿ ಬೀಳುವನು. ಒಡನೆಯೇ ನಾಯಕನು ಮುಂದಿನ ಸಂಖ್ಯೆಯನ್ನು ಕೂಗುವನು. ಹೆಸರನ್ನು ಕೂಗುವುದಿಲ್ಲ, ಸಂಖ್ಯೆಯನ್ನು ಕೂಗುವನು. “ಅದು ನಿಜ ಮೇಷ್ಟ್ರೇ. ಹಂಗೇ ಇರುತ್ತೆ. ಉಳಿದ ಚಿತ್ರಗಳಲ್ಲಿ ಹಚ್ಚಿದ ತಕ್ಷಣ ಢಂ ಅಂತದೆ. ನಿಜದಲ್ಲಿ ಕೆಲವು ಸಲ ಹತ್ತೋದೇ ಇಲ್ಲ. ಆವಾಗ ಒಬ್ಬ ಎದ್ದು ಹೋಗಿ ನೋಡಬೇಕು,” ಎಂದನು.

ಅವನ ಮಾತಿಗೆ ಸಾಕ್ಷಿಯು ಅಮೆರಿಕದ ಸೈನ್ಯದವರೇ ಪ್ರಕಟಿಸಿದ ಇತಿಹಾಸದಲ್ಲಿದೆ. ಆ ದಿನ ಒಮಾಹಾ ದಡದ ಒಂದು ಕಡೆ, ಕಡಲಗೋಡೆಯಾಚೆಯ ರಸ್ತೆಯ ಬದಿಯಲ್ಲಿ ಮುಳ್ಳುತಂತಿಯು ದಾರಿಯನ್ನು ತಡೆದಿತ್ತು. ಇಂಗ್ರಮ್ ಲ್ಯಾಂಬರ್ಟ್ ಎಂಬ ಸಾಮಾನ್ಯ ಸಿಪಾಯಿಯು ಗೋಡೆಯನ್ನು ಹಾರಿ, ರಸ್ತೆಯನ್ನು ದಾಟಿ, ಬೆಂಗಳೂರಿನ ನಳಿಕೆಯನ್ನು ತಂತಿಯಡಿಯಲ್ಲಿ ಇಟ್ಟನು. ಕಿಡಿ ಹತ್ತಲಿಲ್ಲ. ಅವನು ಗುಂಡಿಗೆ ಬಲಿಯಾದನು. ಆಗ ಅವನ ತುಕಡಿಯ ಅಧಿಕಾರಿಯಾದ ಸ್ಟಾನ್ಲಿ ಶ್ವಾರ್ಟ್ಸ್ ಎಂಬವನು ತಾನೇ ದಾಟಿಹೋಗಿ ಅದನ್ನು ಸರಿಪಡಿಸಿದನು. ನಳಿಕೆ ಸಿಡಿಯಿತು, ದಾರಿ ತೆರೆಯಿತು. ಆ ದಾರಿಯಲ್ಲಿ ಮೊದಲು ನುಗ್ಗಿದವನೂ ಬಿದ್ದನು. ಅನಂತರ ಉಳಿದವರು ಒಬ್ಬೊಬ್ಬರಾಗಿ ದಾಟಿದರು.

ಅದೇ 1944ರಲ್ಲಿ ಇಟಲಿಯ ರಣರಂಗದಲ್ಲಿ ಬೆಂಗಳೂರಿನ ದಳದ ಒಬ್ಬನ ಕಥೆಯೂ ನಡೆಯಿತು. ಮದರಾಸು ಸ್ಯಾಪರ್ಸ್‌ನ ಸುಬೇದಾರ್ ಸುಬ್ರಹ್ಮಣ್ಯಂ ಎಂಬವರು ನೆಲದಲ್ಲಿ ಹೂಳಿದ ಸಿಡಿಗುಂಡುಗಳನ್ನು ತೆಗೆಯುವ ಕಾರ್ಯದಲ್ಲಿದ್ದಾಗ, ಹತ್ತಿರದಲ್ಲಿ ಒಂದು ಗುಂಡು ಇನ್ನೇನು ಸಿಡಿಯುವುದೆಂಬುದನ್ನು ಅರಿತು, ಜೊತೆಗಾರರನ್ನು ಉಳಿಸುವುದಕ್ಕಾಗಿ ಅದರ ಮೇಲೆ ತಾವೇ ಬಿದ್ದು ಪ್ರಾಣ ಬಿಟ್ಟರು. ಮರಣಾನಂತರ ಅವರಿಗೆ ಜಾರ್ಜ್ ಕ್ರಾಸ್ ಪದಕವನ್ನು ಕೊಟ್ಟರು. ಸ್ವಾತಂತ್ರ್ಯದ ಮೇಲೆ, 1948ರಲ್ಲಿ, ಕಾಶ್ಮೀರದ ಜೋಜಿಲಾ ಕಣಿವೆಯಲ್ಲಿ ಇದೇ ದಳದವರು ಹೇಸರಗತ್ತೆಯ ಕಾಲುದಾರಿಯನ್ನು ಗುಟ್ಟಾಗಿ ಅಗಲಿಸಿಕೊಟ್ಟದ್ದರಿಂದಲೇ, ಕೊಡಗಿನ ಜನರಲ್ ತಿಮ್ಮಯ್ಯನವರು ನವೆಂಬರ್ 1ರಂದು 11,000 ಅಡಿಗೂ ಎತ್ತರದ ಆ ಹಿಮದ ಕಣಿವೆಗೆ ಸ್ಟುವರ್ಟ್ ಟ್ಯಾಂಕುಗಳನ್ನು ನುಗ್ಗಿಸಲು ಸಾಧ್ಯವಾಯಿತು. ಟ್ಯಾಂಕಿನ ಹೆಸರು ಎಲ್ಲರಿಗೂ ಗೊತ್ತು. ಗುದ್ದಲಿಯ ಹೆಸರನ್ನು ಹೇಳುವವರು ಕಡಮೆ. ಸೈನ್ಯದ ಎಂಜಿನಿಯರುಗಳ ಧ್ಯೇಯವಾಕ್ಯವು ‘ಸರ್ವತ್ರ’ ಎಂಬ ಒಂದೇ ಸಂಸ್ಕೃತ ಶಬ್ದ. ಎಲ್ಲೆಲ್ಲಿಯೂ ಎಂದರ್ಥ. ಅದು ಅವ್ಯಯ, ಅದಕ್ಕೆ ಲಿಂಗವಚನವಿಭಕ್ತಿಗಳಿಲ್ಲ. ಅದನ್ನು ಹೊತ್ತವರ ಕೆಲಸವೂ ಹಾಗೆಯೇ, ಎಲ್ಲಿಗೆ ಹೋದರೂ ಬದಲಾಗದ್ದು.

ಇಷ್ಟರವರೆಗೆ ಬರೆದದ್ದು ಆಯುಧದ ಕಥೆ. ಇನ್ನು ನಾನು ಹೇಳಬೇಕಾದದ್ದು ನನ್ನ ತಪ್ಪಿನ ಕಥೆ.

1995ರಲ್ಲಿ ಈ ಶಿಷ್ಯನು ಸೈನ್ಯಕ್ಕೆ ಸೇರಲು ಹೊರಟಾಗ, ಅವನಿಗೆ ನಡತೆಯ ಪ್ರಮಾಣಪತ್ರವನ್ನು ಬರೆದುಕೊಟ್ಟವನು ನಾನೇ. ಸೇರು ಎಂದು ಹುರಿದುಂಬಿಸಿದವನೂ ನಾನೇ. ತರಗತಿಯಲ್ಲಿ ರಘುವಂಶ, ಭಾರತಗಳ ಯುದ್ಧವರ್ಣನೆಗಳನ್ನು ಹೇಳುವಾಗ ನನ್ನ ಕಂಠವು ಏರುತ್ತಿತ್ತೆಂದು ಮಕ್ಕಳು ಈಗಲೂ ಹೇಳುವರು. ಅವನು ಹೊರಡುವ ಹಿಂದಿನ ದಿನ ಅವನ ತಾಯಿ ನಮ್ಮ ಮನೆಯ ಜಗಲಿಗೆ ಬಂದು, ಸೆರಗನ್ನು ಹೊದ್ದುಕೊಂಡು ನಿಂತು, “ಮೇಷ್ಟ್ರೇ, ನಿಮ್ಮ ಮಾತು ಕೇಳಿ ಹೋಗ್ತಾವನೆ. ನಾನು ಓದು ಬರಹ ಇಲ್ಲದೋಳು. ಒಂದೇ ಒಂದು ಹೇಳ್ರಿ. ಇವನು ಸೇರಿರೋದು ಮುಂದೆ ನಿಲ್ಲೋ ಕೆಲಸವೋ, ಹಿಂದೆ ನಿಲ್ಲೋ ಕೆಲಸವೋ?” ಎಂದು ಕೇಳಿದಳು. ನಾನು ಸ್ವಲ್ಪವೂ ಅನುಮಾನಿಸದೆ, “ಹಿಂದಿನದೇ ತಾಯಿ. ಎಂಜಿನಿಯರ್ ದಳವೆಂದರೆ ರಸ್ತೆ ಮಾಡುವುದು, ಸೇತುವೆ ಕಟ್ಟುವುದು. ಗುಂಡು ಹಾರಿಸುವವರು ಬೇರೆ,” ಎಂದೆನು. ಆಕೆಯ ಮುಖ ತಿಳಿಯಾಯಿತು. ನನಗೂ ಒಂದು ಒಳ್ಳೆಯ ಕೆಲಸ ಮಾಡಿದ ತೃಪ್ತಿಯಾಯಿತು.

ಆ ಮಾತು ಸುಳ್ಳೆಂಬುದು ನನಗೆ ತಿಳಿದದ್ದು ಕಳೆದ ಬೇಸಗೆಯಲ್ಲಿ, ಆ ಚಿತ್ರದ ಮುಂದೆ. ಮುಳ್ಳುತಂತಿಯ ಬಳಿಗೆ ಎಲ್ಲರಿಗಿಂತ ಮೊದಲು ತೆವಳುವವನು ಯಾರು? ಬಂದೂಕಿನವನು ಮುಂದೆ ಹೋಗಬೇಕಾದರೆ ಅವನಿಗಿಂತ ಮುಂದೆ ಹೋಗಿ ದಾರಿ ಬಿಡಿಸತಕ್ಕವನು ಯಾರು? ಮುಂಚೂಣಿಗೂ ಮುಂದೆ ಇರುವವನೇ ಈ ಖನಕನು. ಸಂಸ್ಕೃತದ ಶಬ್ದಗಳನ್ನೆಲ್ಲ ಬಿಡಿಸಿ ಅರ್ಥ ಹೇಳುತ್ತಿದ್ದ ನಾನು, ಒಬ್ಬ ತಾಯಿಯು ಕೇಳಿದ ಮುಂದೆ, ಹಿಂದೆ ಎಂಬ ಎರಡು ಮಾತುಗಳ ಅರ್ಥವನ್ನು ತಿಳಿಯದೆ ಉತ್ತರ ಕೊಟ್ಟಿದ್ದೆನು.

ಚಿತ್ರವನ್ನು ನಿಲ್ಲಿಸಿದೆವು. ಹುಡುಗನು, “ಮಾಮ, ನೀವೂ ಅದನ್ನು ಸಿಡಿಸಿದ್ದೀರಾ?” ಎಂದು ಕಣ್ಣರಳಿಸಿ ಕೇಳಿದನು. ಶಿಷ್ಯನು, ಅಭ್ಯಾಸದಲ್ಲಿ ಸಿಡಿಸಿದ್ದೆನೆಂದೂ, ಯುದ್ಧದಲ್ಲಿ ಅದರ ಪ್ರಸಂಗ ಬರಲಿಲ್ಲವೆಂದೂ ಹೇಳಿ, 2002ರ ಮಾತೊಂದನ್ನು ತೆಗೆದನು. 2001ರ ಡಿಸೆಂಬರಿನಲ್ಲಿ ದಿಲ್ಲಿಯ ಪಾರ್ಲಿಮೆಂಟಿನ ಮೇಲೆ ದಾಳಿಯಾದ ತರುವಾಯ ನಮ್ಮ ಸೈನ್ಯವು ಪಶ್ಚಿಮದ ಗಡಿಯುದ್ದಕ್ಕೂ ಹತ್ತು ತಿಂಗಳ ಕಾಲ ನಿಂತಿತ್ತಷ್ಟೆ. ಯುದ್ಧವಾಗಲಿಲ್ಲ. ಆದರೆ ಹೊಲಗಳಲ್ಲಿ ಹೂಳಿದ್ದ ನೆಲಬಾಂಬುಗಳನ್ನು ಮತ್ತೆ ತೆಗೆದು ರೈತರಿಗೆ ಭೂಮಿಯನ್ನು ಬಿಟ್ಟುಕೊಡಬೇಕಾಗಿತ್ತು. ಮಳೆಗೆ ಮಣ್ಣು ಸರಿದು, ಇಟ್ಟ ಕಡೆ ಇಟ್ಟದ್ದು ಇರಲಿಲ್ಲ. ಒಂದು ಬೆಳಿಗ್ಗೆ ಅವನಿಂದ ಕೆಲವೇ ಮಾರು ದೂರದಲ್ಲಿ ಜೊತೆಗಾರನೊಬ್ಬನು ಒಂದು ಪಾದವನ್ನು ಕಳೆದುಕೊಂಡನು. ಇವನು ಎಡಗಿವಿಯ ಅರ್ಧ ಶ್ರವಣವನ್ನು ಕಳೆದುಕೊಂಡನು. “ಹೊಲ ಅಷ್ಟೇ ಕಣಪ್ಪ, ನಮ್ಮ ಹೊಲದಂಗೇ ಇತ್ತು. ಬದುವಿನ ಮೇಲೆ ನೆಗ್ಗಿಲುಮುಳ್ಳೂ ಇತ್ತು,” ಎಂದನು. ಮೊಮ್ಮಗನು ಮರುಪ್ರಶ್ನೆ ಮಾಡಲಿಲ್ಲ.

ಹುಡುಗನು ಒಳಗೆ ಹೋದ ಮೇಲೆ ನಾನು ತಡೆಯಲಾರದೆ, “ನಿಮ್ಮ ತಾಯಿಗೆ ನಾನು ಹೇಳಬಾರದ್ದನ್ನು ಹೇಳಿಬಿಟ್ಟಿದ್ದೆ,” ಎಂದೆನು. ಅವನು ಬಲಕ್ಕೆ ವಾಲಿ ಕೇಳಿಸಿಕೊಂಡನು. ಸ್ವಲ್ಪ ಹೊತ್ತು ಅಂಗಳದ ಕಡೆ ನೋಡಿ, “ಅವ್ವನಿಗೆ ಗೊತ್ತಾಗಿತ್ತು ಮೇಷ್ಟ್ರೇ. ಕಿವಿ ಹಿಂಗಾಗಿ ರಜಕ್ಕೆ ಬಂದಾಗ ಎಲ್ಲಾ ಕೇಳಿ ತಿಳ್ಕೊಂಡ್ಲು. ಆಮೇಲೆ ಏನಂದ್ಲು ಗೊತ್ತಾ? ‘ಮೇಷ್ಟ್ರಿಗೆ ಹೇಳಬ್ಯಾಡ, ಅವರು ನೊಂದ್ಕೊಳ್ತಾರೆ’ ಅಂದ್ಲು,” ಎಂದನು. ಆಕೆ ತೀರಿಕೊಂಡು ಈಗ ನಾಲ್ಕು ವರ್ಷಗಳಾದುವು. ಅದುವರೆಗೂ ಸಂತೆಯಲ್ಲಿಯೋ ಗುಡಿಯಲ್ಲಿಯೋ ಎದುರಾದಾಗಲೆಲ್ಲ ಆಕೆ ನನಗೆ ಕೈಮುಗಿದೇ ಮಾತನಾಡಿಸುತ್ತಿದ್ದಳು. ಆ ನಮಸ್ಕಾರವನ್ನು ನಾನು ವಿದ್ಯೆಗೆ ಸಂದದ್ದೆಂದು ತಿಳಿದಿದ್ದೆನು. ಅದು ಕ್ಷಮೆಯೆಂದು ತಿಳಿದಿರಲಿಲ್ಲ.

ನಮ್ಮ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ವೀರಗಲ್ಲುಗಳು ನಿಂತಿವೆ. ಅವು ನಮ್ಮ ಪೂರ್ವಿಕರ ಯುದ್ಧಚಿತ್ರಗಳೆಂದರೆ ತಪ್ಪಾಗದು. ಕೆಳಗಿನ ಹಂತದಲ್ಲಿ ಕಾಳಗ; ಕತ್ತಿ, ಬಿಲ್ಲು, ಗುರಾಣಿಗಳೆಲ್ಲ ಅಲ್ಲಿ ಸ್ಪಷ್ಟವಾಗಿರುತ್ತವೆ. ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು. ಮೇಲೆ ಶಿವನ ಸನ್ನಿಧಿ. ತುರುಗಳನ್ನು ಬಿಡಿಸಿ ತರಲು ಹೋಗಿ ಮಡಿದವರ ಕಲ್ಲುಗಳೇ ಅವುಗಳಲ್ಲಿ ಬಹಳ. ಆ ಶಿಲ್ಪಿಗೆ ಆಯುಧವನ್ನು ಕೆಳಗಿನ ಹಂತದಲ್ಲಿಯೇ ಬಿಡಬೇಕೆಂಬ ವಿವೇಕವಿತ್ತು. ಆದರೆ ಮನೆಯಲ್ಲಿ ಉಳಿದ ತಾಯಿಯನ್ನು ಅವನೂ ಕೆತ್ತಲಿಲ್ಲ.

ಮಕ್ಕಳು ಯುದ್ಧಚಿತ್ರವನ್ನು ನೋಡಲೇಬಾರದೆಂದು ನಾನು ಹೇಳಲಾರೆನು. ಬೇಡವೆಂದರೂ ಅವರು ನೋಡುವರು. ದೇಶದ ಗಡಿಯನ್ನು ಕಾಯಲು ಯಾರಾದರೂ ಹೋಗಲೇಬೇಕೆಂಬುದನ್ನೂ ಬಲ್ಲೆನು. ನನ್ನ ಶಿಷ್ಯನು ಹೋದುದಕ್ಕೆ ನನಗೆ ಇಂದಿಗೂ ಅಭಿಮಾನವೇ ಇದೆ, ಅವನಿಗೂ ಇದೆ. ನಾನು ಕೇಳಿಕೊಳ್ಳುವುದು ಇಷ್ಟೇ. ತೆರೆಯ ಮೇಲೆ ಆಯುಧವು ಕಾಣಿಸಿದಾಗ ಅದರ ಉದ್ದ, ತೂಕ, ಹೆಸರುಗಳನ್ನು ಮಕ್ಕಳಿಗೆ ಹೇಳಿಕೊಡುವ ಹಿರಿಯರು, ಅದನ್ನು ಹಿಡಿದವನು ಎಲ್ಲಿ ಮಲಗಿ ತಳ್ಳುತ್ತಿದ್ದನೆಂಬುದನ್ನೂ ಹೇಳಬೇಕು. ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಪ್ರಶ್ನೆ ಕೇಳಿದರೆ, ತಿಳಿದದ್ದನ್ನು ಮಾತ್ರ ಹೇಳಬೇಕು, ತಿಳಿಯದಿದ್ದರೆ ತಿಳಿಯದೆನ್ನಬೇಕು.

ರಜೆ ಮುಗಿದು ಮೊಮ್ಮಗನು ಊರಿಗೆ ಹೊರಟಾಗ ಕಡೂರಿನ ರೈಲುನಿಲ್ದಾಣದವರೆಗೆ ಅವನೊಡನೆ ಹೋಗಿದ್ದೆನು. ಬೆಂಗಳೂರಿನ ಗಾಡಿಯು ಬರುವುದೆಂದು ಧ್ವನಿವರ್ಧಕದಲ್ಲಿ ಕೂಗಿದರು. ಹುಡುಗನು ನನ್ನ ಮುಖವನ್ನು ನೋಡಿದನು. ನಾನು ಅವನ ಮುಖವನ್ನು ನೋಡಿದೆನು. ಆ ಹೆಸರನ್ನು ಇನ್ನು ಮೇಲೆ ನಾವಿಬ್ಬರೂ ಮೊದಲಿನಂತೆ ಕೇಳಲಾರೆವು.